ಆರೋಗ್ಯವೂ ಹಂಚಿಕೆಯ ಪ್ರಶ್ನೆಯೇ

(ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಕೂಡಿದ್ದ ಸಭೆಯಲ್ಲಿ ನಮ್ಮ ಸಂಘಟಕರು ಮಾಡಿದ ಭಾಷಣ)



ಈ ಹೊತ್ತು ಆರೋಗ್ಯದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾಗಿದೆ. ನಾವು ವೈದ್ಯರಲ್ಲ. ಮೆಟ್ರಿಕ್‌ವರೆಗೆ ಓದಿ, ಕೆಲವು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು, ಆಮೇಲೆ ಪಕ್ಷದ ಕೆಲಸಕ್ಕೆ ಬಂದವರು. ಆದ್ದರಿಂದ ನಮ್ಮಿಂದ ಔಷಧದ ಮಾತು ಬಾರದು, ಲೆಕ್ಕದ ಮಾತು ಬಂದೀತು. ಅಷ್ಟರಿಂದಲೇ ಶುರುಮಾಡುತ್ತೇವೆ.

ಮೇಷ್ಟರ ಕೈಯಲ್ಲಿ ಯಾವಾಗಲೂ ಇರುವ ಪುಸ್ತಕ ಹಾಜರಿ ಪುಸ್ತಕ. ನಮ್ಮ ತರಗತಿಯಲ್ಲಿ ಮೇಲಿನ ಕೇರಿಯ ಮಕ್ಕಳೂ ಇದ್ದರು, ಹಳ್ಳದ ಓಣಿಯ ಮಕ್ಕಳೂ ಇದ್ದರು. ಮಳೆಗಾಲ ಬಂತೆಂದರೆ ಗೈರುಹಾಜರಿಯ ಗುರುತು ಬೀಳುತ್ತಿದ್ದುದು ಹಳ್ಳದ ಓಣಿಯ ಹೆಸರುಗಳ ಮುಂದೆ. ಜ್ವರ, ಭೇದಿ, ಕೆಮ್ಮು, ಕಜ್ಜಿ. ವರ್ಷಕ್ಕೆ ವರ್ಷ ಇದೇ ಆದರೂ, ಆ ಗುರುತುಗಳನ್ನು ನಮ್ಮ ಕೈಯಿಂದಲೇ ಹಾಕುತ್ತಿದ್ದರೂ, ನಮಗೆ ಒಂದು ಸಲವಾದರೂ ಇದೇಕೆ ಹೀಗೆ ಎನ್ನಿಸಲಿಲ್ಲ. ಆ ಮಕ್ಕಳಿಗೆ ಓದಿನ ಆಸೆಯಿಲ್ಲ, ತಂದೆತಾಯಿಗಳಿಗೆ ಎಚ್ಚರವಿಲ್ಲ ಎಂದುಕೊಂಡಿದ್ದೆವು.

ಅವರಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಮೂರನೆಯ ಪಾಠದ ಹೊತ್ತಿಗೆ ಸರಿಯಾಗಿ ತೂಕಡಿಸುತ್ತಿದ್ದ. ಎರಡು ಸಲ ಗದರಿದೆವು. ಮೂರನೆಯ ಸಲ ಅಂಗೈ ಚಾಚಿಸಿ ಬೆತ್ತದಿಂದ ಬಾರಿಸಿದೆವು. ಅವನು ಅಳಲಿಲ್ಲ, ಕೈಯನ್ನು ಅಂಗಿಗೆ ಒರಸಿಕೊಂಡು ಕೂತ. ಕೆಲವು ತಿಂಗಳ ಮೇಲೆ ಮನೆಮನೆಯ ಎಣಿಕೆಗೆಂದು ಆ ಓಣಿಗೆ ಹೋದಾಗ ಸಂಗತಿ ತಿಳಿಯಿತು. ಇಡೀ ಓಣಿಗೆ ಇದ್ದುದು ಒಂದೇ ನಲ್ಲಿ. ಅದಕ್ಕೆ ನೀರು ಬರುತ್ತಿದ್ದುದು ಬೆಳಗಿನ ಜಾವ ಮೂರು ಗಂಟೆಗೆ. ತಾಯಿ ಮೊದಲನೆಯ ಪಾಳಿಗೆ ಹೋಗಬೇಕು, ತಂದೆ ಇಲ್ಲ. ಆದ್ದರಿಂದ ಕೊಡ ಹಿಡಿದು ನಿಲ್ಲುವವನು ಹುಡುಗ. ಆ ನಲ್ಲಿಯ ಕೊಳವೆ ಚರಂಡಿಯ ಒಳಗಿನಿಂದಲೇ ಹಾದು ಬರುತ್ತಿತ್ತು. ಅವನ ತಂಗಿ ಹಿಂದಿನ ಮಳೆಗಾಲದಲ್ಲಿ ವಾಂತಿಭೇದಿಯಾಗಿ ತೀರಿಕೊಂಡಿದ್ದಳು. ನಾವು ಬಾರಿಸಿದ ಏಟು ಆ ಹುಡುಗನಿಗೆ ಸಲ್ಲತಕ್ಕದ್ದಲ್ಲ. ಯಾರಿಗೆ ಸಲ್ಲತಕ್ಕದ್ದು? ಈ ಪ್ರಶ್ನೆಯೇ ನಮ್ಮನ್ನು ಶಾಲೆಯಿಂದ ಹೊರಕ್ಕೆ ತಂದದ್ದು. ಇವತ್ತಿನ ಮಾತೂ ಅದೇ ಪ್ರಶ್ನೆಯ ಮೇಲೆ.

“ಊಟ ಬಲ್ಲವನಿಗೆ ರೋಗವಿಲ್ಲ” ಎಂದು ಹಿರಿಯರು ಹೇಳುತ್ತಾರೆ. ಒಳ್ಳೆಯ ಗಾದೆ. ಆದರೆ ಊಟ ಬಲ್ಲವನಾಗುವುದಕ್ಕೆ ಮೊದಲು ಊಟ ಉಳ್ಳವನಾಗಬೇಕಲ್ಲ! ಕಾಯಿಲೆ ಹಣೆಬರಹ ಎನ್ನುವವರುಂಟು, ಕೊಳಕುತನದ ಫಲ ಎನ್ನುವವರುಂಟು, ದುಶ್ಚಟದ ಫಲ ಎನ್ನುವವರುಂಟು. ಹಣೆಬರಹವಾದರೆ ಅದು ಕೇರಿ ನೋಡಿ ಬರೆಯುವುದೇಕೆ? ಇದನ್ನು ನಾವು ಮೊದಲು ಕೇಳಿದವರಲ್ಲ. ನಮಗಿಂತ ಮೊದಲೇ ಲೆಕ್ಕ ಹಾಕಿದವರಿದ್ದಾರೆ.

1842ರಲ್ಲಿ ಇಂಗ್ಲೆಂಡಿನಲ್ಲಿ ಎಡ್ವಿನ್ ಚಾಡ್ವಿಕ್ ಎಂಬ ಅಧಿಕಾರಿ ಕೂಲಿಕಾರ ಜನರ ನೈರ್ಮಲ್ಯದ ಸ್ಥಿತಿಯ ಮೇಲೆ ಒಂದು ವರದಿ ಬರೆದ. ಮ್ಯಾಂಚೆಸ್ಟರ್ ಆಗ ಹತ್ತಿ ಗಿರಣಿಗಳ ರಾಜಧಾನಿ. ಅಲ್ಲಿ ಸತ್ತವರ ವಯಸ್ಸಿನ ಸರಾಸರಿ ತೆಗೆದ. ದೊಡ್ಡ ಮನೆತನದವರು, ವಕೀಲರು, ವೈದ್ಯರು ಮೊದಲಾದವರ ಮನೆಗಳಲ್ಲಿ 38 ವರ್ಷ. ವರ್ತಕರ ಮನೆಗಳಲ್ಲಿ 20. ಕೂಲಿಕಾರರ ಮನೆಗಳಲ್ಲಿ 17. ಕೂಲಿಕಾರರೆಲ್ಲ ಹದಿನೇಳಕ್ಕೆ ಸಾಯುತ್ತಿದ್ದರೆಂದು ಇದರ ಅರ್ಥವಲ್ಲ. ಹಸುಗೂಸುಗಳ ಸಾವು ರಾಶಿರಾಶಿಯಾಗಿದ್ದುದರಿಂದ ಸರಾಸರಿ ಅಷ್ಟಕ್ಕೆ ಇಳಿದಿತ್ತು. ಇನ್ನು ರಟ್‌ಲೆಂಡ್ ಎಂಬ ಹಳ್ಳಿನಾಡಿನ ಲೆಕ್ಕ ತೆಗೆದ. ಅಲ್ಲಿ ಕ್ರಮವಾಗಿ 52, 41, 38. ಎಂದರೆ ಮ್ಯಾಂಚೆಸ್ಟರಿನ ಧಣಿಯ ಮನೆಗೆ ಎಷ್ಟು ಆಯುಷ್ಯವೋ ರಟ್‌ಲೆಂಡಿನ ಕೂಲಿಯ ಮನೆಗೂ ಅಷ್ಟೇ.

ಈ ಆರು ಅಂಕಿಗಳಲ್ಲಿ ಎರಡು ಪಾಠಗಳಿವೆ. ಒಂದು: ಆಯುಷ್ಯ ಅಂತಸ್ತಿಗೆ ತಕ್ಕ ಹಾಗೆ ಇಳಿಯುತ್ತದೆ. ಎರಡು: ಊರು ಕೆಟ್ಟರೆ ಅಂತಸ್ತೂ ಪೂರ್ತಿ ಕಾಪಾಡುವುದಿಲ್ಲ. ವರ್ತಕ ಮಿತ್ರರು ಮ್ಯಾಂಚೆಸ್ಟರಿನ ನಡುವಿನ ಅಂಕಿಯನ್ನು ನೆನಪಿಡಬೇಕು. ಅಂಗಡಿಕಾರನ ಮನೆ ಧಣಿಯ 38ಕ್ಕೆ ಹತ್ತಿರವಿರಲಿಲ್ಲ, ಕೂಲಿಯ 17ಕ್ಕೆ ಹತ್ತಿರವಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮಾತ್ರಕ್ಕೆ ರೋಗ ಬಿಡುವುದಿಲ್ಲ. ಗಿರಾಕಿಯ ನೀರೇ ಅಂಗಡಿಕಾರನ ನೀರು, ಗಿರಾಕಿಯ ಚರಂಡಿಯೇ ಅಂಗಡಿಕಾರನ ಚರಂಡಿ.

ಚಾಡ್ವಿಕ್ ಬಡವರ ನೆಂಟನೇನಲ್ಲ. ಬಡವರನ್ನು ದುಡಿಮೆಮನೆಗಳಿಗೆ ಅಟ್ಟಿದ 1834ರ ಕಾಯಿದೆಗೂ ಅವನದೇ ಕೈ. ಅವನ ಕಣ್ಣಿಗೆ ಕೊಳಚೆ ಕಂಡಿತು, ಕೂಲಿ ಕಾಣಲಿಲ್ಲ. ಆ ಇನ್ನರ್ಧವನ್ನು 1845ರಲ್ಲಿ, ಅದೇ ಮ್ಯಾಂಚೆಸ್ಟರನ್ನು ಸುತ್ತಿ ನೋಡಿದ ಎಂಗೆಲ್ಸ್ ಬರೆದ: ಇಂಥ ಮನೆಯಲ್ಲಿ ಇಂಥ ಕೂಲಿಗೆ ಇಷ್ಟು ಗಂಟೆ ದುಡಿಸಿದರೆ ಜನ ಸಾಯುತ್ತಾರೆಂದು ಗೊತ್ತಿದ್ದೂ ಹಾಗೆಯೇ ನಡೆಸುವುದು ಕೊಲೆಗೆ ಸಮ ಎಂಬುದು ಅವನ ವಾದ. ಕೊಳಚೆ ತೆಗೆಯಬೇಕು, ಕೂಲಿಯೂ ಹೆಚ್ಚಬೇಕು. ಎರಡರಲ್ಲಿ ಒಂದನ್ನು ಮಾಡಿ ಕೈ ತೊಳೆದುಕೊಳ್ಳುವಂತಿಲ್ಲ.

ಕೊಳಚೆಯನ್ನಾದರೂ ಯಾವಾಗ ತೆಗೆದರು? ಲಂಡನ್ನಿನಲ್ಲಿ ಕಾಲರಾದಿಂದ ಸಾವಿರಾರು ಬಡವರು ಸತ್ತರೂ ಮಾತು ಮಾತಾಗಿಯೇ ಉಳಿದಿತ್ತು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನ ಕಿಟಕಿಗಳೊಳಗೆ ನುಗ್ಗಿತು. ಆಗ ನೋಡಿ, ಕೆಲವೇ ವಾರಗಳಲ್ಲಿ ಕಾಯಿದೆಯಾಯಿತು, ಹಣ ಒದಗಿತು, ಬಾಜಲ್‌ಗೆಟ್ ಎಂಬ ಇಂಜಿನಿಯರು ನಗರದ ಕೆಳಗೆಲ್ಲ ದೊಡ್ಡ ಒಳಚರಂಡಿ ಕಟ್ಟಿದ. 1866ರಲ್ಲಿ ಕಾಲರಾ ಮತ್ತೆ ಬಂದಾಗ ಲಂಡನ್ನಿನ ಬಹುಭಾಗ ಉಳಿದುಕೊಂಡಿತು. ಸತ್ತವರು ಹೆಚ್ಚಾಗಿ ಪೂರ್ವದ ಕೇರಿಗಳವರು. ಅದು ಕೂಲಿಕಾರರ ಭಾಗ. ಹೊಸ ಒಳಚರಂಡಿ ಅಲ್ಲಿಗೆ ಇನ್ನೂ ತಲುಪಿರಲಿಲ್ಲ. ನಾತ ಯಾರ ಮೂಗಿಗೆ ಬಡಿಯುತ್ತದೆ ಎಂಬುದರ ಮೇಲೆ ಹಣ, ಹಣ ಯಾವ ಕಡೆಯಿಂದ ಶುರುವಾಗುತ್ತದೆ ಎಂಬುದರ ಮೇಲೆ ಸಾವು. ನಮ್ಮ ಊರಿನ ಹೊಸ ಬಡಾವಣೆಗಳಿಗೆ ಕೊಳವೆ ಮೊದಲು, ಹಳ್ಳದ ಓಣಿಗೆ ಕೊನೆಗೆ ಎಂಬುದನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಬ್ಬ ವೈದ್ಯನ ಕತೆ ಕೇಳಿ. 1848ರಲ್ಲಿ ಪ್ರಶ್ಯದ ಸರಕಾರ ರುಡಾಲ್ಫ್ ವಿರ್ಕೋ ಎಂಬ 26 ವರ್ಷದ ಡಾಕ್ಟರನ್ನು ಅಪ್ಪರ್ ಸೈಲೀಷಿಯಕ್ಕೆ ಕಳುಹಿಸಿತು. ಅಲ್ಲಿ ಬರ ಬಿದ್ದು, ಟೈಫಸ್ ಜ್ವರ ಹಬ್ಬಿ ಜನ ಸಾಯುತ್ತಿದ್ದರು. ಯಾವುದೋ ಕಷಾಯವನ್ನು ಸೂಚಿಸಿ ಬರುತ್ತಾನೆಂದು ಸರಕಾರ ಕಾದಿತ್ತು. ಅವನು ತಂದ ಚೀಟಿಯೇ ಬೇರೆ: ಈ ಜನರಿಗೆ ತಮ್ಮನ್ನು ತಾವು ಆಳಿಕೊಳ್ಳುವ ಹಕ್ಕು ಕೊಡಿ, ಅವರ ಮಾತೃಭಾಷೆಯಾದ ಪೋಲಿಷಿನಲ್ಲಿ ಶಾಲೆ ನಡೆಸಿ, ರಸ್ತೆ ಮಾಡಿ, ಬಡವರ ಮೇಲಿನ ತೆರಿಗೆಯನ್ನು ಇಳಿಸಿ ಉಳ್ಳವರ ಮೇಲೆ ಹಾಕಿ. ಜ್ವರಕ್ಕೆ ಮದ್ದು ಕೇಳಿದರೆ ಪ್ರಜಾಪ್ರಭುತ್ವವನ್ನು ಬರೆದುಕೊಟ್ಟ ವೈದ್ಯ ಅವನು. ಮರುವರ್ಷ ರಾಜಕೀಯದ ಕಾರಣಕ್ಕೆ ಬರ್ಲಿನ್ನಿನ ಆಸ್ಪತ್ರೆಯ ಹುದ್ದೆ ಕಳೆದುಕೊಂಡ. ಆದರೆ ಮುಂದೆ ಅದೇ ಬರ್ಲಿನ್ನಿನ ನಗರಸಭೆಗೆ ಆರಿಸಿ ಬಂದು, ಒಳಚರಂಡಿಗೂ ಶುದ್ಧ ನೀರಿಗೂ ವರ್ಷಗಟ್ಟಲೆ ಹೋರಾಡಿದ. ಸೂಕ್ಷ್ಮದರ್ಶಕ ಹಿಡಿದ ಕೈಯೇ ನಗರಸಭೆಯ ಕಡತವನ್ನೂ ಹಿಡಿಯಿತು. ಅವನಿಗೆ ಅದು ಕೀಳೆನಿಸಲಿಲ್ಲ.

“ಅವೆಲ್ಲ ಹಳೆಯ ಕಾಲದ ಮಾತು, ಈಗ ಔಷಧಗಳು ಬಂದಿವೆ” ಎಂದು ಯಾರಾದರೂ ಅಂದಾರು. ಕ್ಷಯದ ಮಾತನ್ನೇ ತೆಗೆದುಕೊಳ್ಳೋಣ. ಗಿರಣಿಯ ಕೇರಿಗಳಿಗೆ ಅದು ಹೊಸ ಹೆಸರಲ್ಲ. ಕ್ಷಯದ ಕ್ರಿಮಿಯನ್ನು ರಾಬರ್ಟ್ ಕೋಖ್ ತೋರಿಸಿಕೊಟ್ಟದ್ದು 1882ರಲ್ಲಿ. ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಔಷಧ ಸಿಕ್ಕಿದ್ದು 1943ರಲ್ಲಿ. ಇಂಗ್ಲೆಂಡಿನಲ್ಲಿ ಕ್ಷಯದ ಸಾವು ಕ್ರಿಮಿ ಪತ್ತೆಯಾಗುವ ಮೊದಲೇ ಇಳಿಯತೊಡಗಿತ್ತು. ಔಷಧ ಬರುವ ಹೊತ್ತಿಗೆ ಇಳಿಕೆಯ ದೊಡ್ಡ ಪಾಲು ಆಗಿಹೋಗಿತ್ತು. ಊಟ ಸುಧಾರಿಸಿದ್ದರಿಂದ ಎಂದು ಥಾಮಸ್ ಮಕ್ಯೂನ್ ಎಂಬ ವಿದ್ವಾಂಸ ವಾದಿಸಿದ. ಅದಷ್ಟೇ ಅಲ್ಲ, ನಗರಸಭೆಗಳು ಮಾಡಿದ ಕೆಲಸವೂ ಕಾರಣ ಎಂದು ಬೇರೆಯವರು ವಾದಿಸಿದರು. ಅವರವರ ಜಗಳ ಏನೇ ಇರಲಿ, ಸೂಜಿಯೊಂದರಿಂದಲೇ ಆದದ್ದಲ್ಲ ಎಂಬುದರಲ್ಲಿ ಇಬ್ಬರೂ ಒಂದೇ.

ಇದಕ್ಕೆ ನಮ್ಮ ದೇಶದ್ದೇ, ಈಚಿನದೇ ಸಾಕ್ಷಿಯುಂಟು. ಮಂಗಳೂರಿನ ವೈದ್ಯಕೀಯ ಕಾಲೇಜೊಂದರ ಡಾಕ್ಟರ್ ಅನುರಾಗ ಭಾರ್ಗವ ಮತ್ತು ಸಂಗಡಿಗರು 2019ರಿಂದ 2022ರವರೆಗೆ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಒಂದು ಪರೀಕ್ಷೆ ನಡೆಸಿದರು. 2,800 ಕ್ಷಯರೋಗಿಗಳು, ಅವರ ಮನೆಮಂದಿ ಹತ್ತು ಸಾವಿರಕ್ಕೂ ಹೆಚ್ಚು. ಔಷಧ ಎಲ್ಲ ರೋಗಿಗಳಿಗೂ ಸಿಗುತ್ತಿತ್ತು, ರೋಗಿಗಳಿಗೆಲ್ಲ ಆಹಾರವನ್ನೂ ಕೊಟ್ಟರು. ಆದರೆ ಒಂದು ಗುಂಪಿನಲ್ಲಿ ಮಾತ್ರ ಮನೆಮಂದಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ, ಸತ್ವದ ಮಾತ್ರೆ ಕೊಟ್ಟರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಕ್ಕಿಬೇಳೆ ಸಿಕ್ಕಿದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ 39ರಷ್ಟು ಕಡಿಮೆಯಾಗಿತ್ತು. ಇನ್ನೊಬ್ಬರಿಗೆ ಅಂಟುವ ಬಗೆಯ ಕ್ಷಯವಂತೂ ನೂರಕ್ಕೆ 48ರಷ್ಟು ಕಡಿಮೆ. ಹೊಸ ಔಷಧವಲ್ಲ, ಹೊಸ ಯಂತ್ರವಲ್ಲ. ಕಿರಾಣಿ ಅಂಗಡಿಯಲ್ಲಿ ತೂಗಿ ಕೊಡುವ ಅಕ್ಕಿ ಮತ್ತು ಬೇಳೆ! ರೇಷನ್ ಅಂಗಡಿಯನ್ನು ದಾನದ ಮನೆ ಎಂದು ಹೀನಾಯವಾಗಿ ಮಾತನಾಡುವವರು ಈ ಲೆಕ್ಕವನ್ನು ಓದಬೇಕು. ಅದು ದವಾಖಾನೆಯ ಇನ್ನೊಂದು ಬಾಗಿಲು.

ಹಾಗಾದರೆ ಆಸ್ಪತ್ರೆ ಬೇಡವೆ? ಖಂಡಿತ ಬೇಕು. ನಮ್ಮ ಮಾತನ್ನು ತಿರುಚಿ, “ನೋಡಿ, ಇವರೇ ಆಸ್ಪತ್ರೆ ಬೇಡವೆನ್ನುತ್ತಾರೆ” ಎಂದು ಸರಕಾರ ಹಣ ಉಳಿಸಲು ಹೊರಟರೆ ನಾವೇ ಮೊದಲು ಬೀದಿಗಿಳಿಯುತ್ತೇವೆ. ಆದರೆ ಆಸ್ಪತ್ರೆಯೊಂದರಿಂದಲೇ ಸಮಾನತೆ ಬರುತ್ತದೆಯೆ ಎಂಬುದನ್ನು ಬ್ರಿಟನ್ನಿನ ಅನುಭವದಿಂದ ನೋಡೋಣ. ಹುಡುಗನಾಗಿ ಕಲ್ಲಿದ್ದಲ ಗಣಿಯಲ್ಲಿ ದುಡಿದಿದ್ದ ಅನ್ಯೂರಿನ್ ಬೆವನ್ ಮಂತ್ರಿಯಾಗಿ, 1948ರ ಜುಲೈ 5ರಂದು ಇಡೀ ದೇಶಕ್ಕೆ ಉಚಿತ ವೈದ್ಯಸೇವೆ ತಂದ. ಅದು ಕೂಲಿಕಾರರ ದೊಡ್ಡ ಗೆಲುವು. ಮೂವತ್ತು ವರ್ಷ ಕಳೆದ ಮೇಲೆ ಸರ್ ಡಗ್ಲಸ್ ಬ್ಲ್ಯಾಕ್ ಎಂಬವರ ಸಮಿತಿ ಲೆಕ್ಕ ನೋಡಿತು. ಕಸುಬಿಲ್ಲದ ಕೂಲಿ ವರ್ಗದವರು ನಿವೃತ್ತಿಯ ವಯಸ್ಸಿಗೆ ಮುಂಚೆ ಸಾಯುವ ಸಂಭವ ಮೇಲಿನ ವರ್ಗದವರ ಎರಡೂವರೆ ಪಟ್ಟು! ಮನೆ, ಕೂಲಿ, ಮಕ್ಕಳ ಊಟ, ಕೆಲಸದ ಸ್ಥಿತಿ ಇವು ಸರಿಯಾಗದೆ ಇದು ಹೋಗದೆಂದು ಸಮಿತಿ ಹೇಳಿತು. 1980ರಲ್ಲಿ ಅಧಿಕಾರದಲ್ಲಿದ್ದ ಸರಕಾರಕ್ಕೆ ಆ ಮಾತು ರುಚಿಸಲಿಲ್ಲ. ಕೇವಲ 260 ಪ್ರತಿ ತೆಗೆಸಿ, ರಜೆಯ ದಿನಗಳ ನಡುವೆ ಸದ್ದಿಲ್ಲದೆ ಹೊರಬಿಟ್ಟಿತು. ಮುಚ್ಚಿಟ್ಟ ವರದಿಯನ್ನು ಜನ ಹುಡುಕಿಕೊಂಡು ಓದಿದರು.

ಇನ್ನೊಂದು ಲೆಕ್ಕವಂತೂ ಗುಮಾಸ್ತರಿಗೂ ಅಂಗಡಿಕಾರರಿಗೂ ಬೇಕಾದದ್ದು. 1967ರಿಂದ ಲಂಡನ್ನಿನ ಸರಕಾರಿ ಕಚೇರಿಗಳ ಸುಮಾರು 18,000 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ಯಾರೂ ಉಪವಾಸವಿದ್ದವರಲ್ಲ, ಎಲ್ಲರಿಗೂ ಸಂಬಳವಿತ್ತು, ಎಲ್ಲರಿಗೂ ಉಚಿತ ವೈದ್ಯಸೇವೆಯಿತ್ತು. ಆದರೂ ಬಾಗಿಲು ಕಾಯುವವರಲ್ಲಿ, ಕಾಗದ ಒಯ್ಯುವ ಜವಾನರಲ್ಲಿ ಸಾವಿನ ಪ್ರಮಾಣ ಮೇಲಧಿಕಾರಿಗಳಿಗಿಂತ ಮೂರು ಪಟ್ಟು ಹೆಚ್ಚು. ನಡುವಿನವರಿಗೆ ನಡುವಿನ ಪ್ರಮಾಣ. ಏಣಿಯ ಒಂದೊಂದು ಮೆಟ್ಟಿಲು ಇಳಿದ ಹಾಗೆ ಆಯುಷ್ಯವೂ ಒಂದೊಂದು ಮೆಟ್ಟಿಲು ಇಳಿಯುತ್ತದೆ. ಧೂಮಪಾನ ಮೊದಲಾದ ಚಟಗಳ ಲೆಕ್ಕ ಕಳೆದ ಮೇಲೂ ಅಂತರದ ಹೆಚ್ಚು ಪಾಲು ಉಳಿದೇ ಇತ್ತು. ಆ ಲೆಕ್ಕ ತೆಗೆದವರಲ್ಲಿ ಒಬ್ಬರಾದ ಮೈಕೆಲ್ ಮಾರ್ಮಟ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗಕ್ಕೆ ಅಧ್ಯಕ್ಷರಾದರು. ಅದರ 2008ರ ವರದಿಯಲ್ಲಿ ಗ್ಲಾಸ್ಗೋ ನಗರದ ಮಾತುಂಟು. ಅಲ್ಲಿನ ಕ್ಯಾಲ್ಟನ್ ಎಂಬ ಬಡ ಕೇರಿಯಲ್ಲಿ ಗಂಡಸಿನ ಆಯುಷ್ಯದ ನಿರೀಕ್ಷೆ 54 ವರ್ಷ. ಕೆಲವೇ ಮೈಲಿ ದೂರದ ಲೆನ್ಜಿಯಲ್ಲಿ 82. ಒಂದೇ ದೇಶ, ಒಂದೇ ಆಳ್ವಿಕೆ, ಒಂದೇ ಉಚಿತ ಆಸ್ಪತ್ರೆ. ನಡುವೆ 28 ವರ್ಷ.

ಈಗ ನಮ್ಮ ದೇಶಕ್ಕೆ ಬರೋಣ. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲೇ, 1946ರಲ್ಲಿ ಭೋರ್ ಸಮಿತಿ ತನ್ನ ವರದಿ ಕೊಟ್ಟಿತ್ತು. ಹಣ ಕೊಡಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಕೂಡದು ಎಂಬುದು ಅದರ ತಳಹದಿ. 1948ರಲ್ಲಿ ಇ.ಎಸ್.ಐ. ಕಾಯಿದೆ ಬಂತು, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಅದಕ್ಕೆ ಚಾಲನೆ ಕೊಟ್ಟರು. ಗಿರಣಿಯವರಿಗೆ ಅದರ ಚೀಟಿ ಉಂಟು. ಅಂಗಡಿಕಾರನಿಗೆ? ತಳ್ಳುಗಾಡಿಯವನಿಗೆ? ಅವರ ಇ.ಎಸ್.ಐ. ಎಂದರೆ ಅವರ ಜೇಬು. 2021-22ರ ಸರಕಾರಿ ಲೆಕ್ಕದ ಪ್ರಕಾರವೇ ದೇಶದ ಆರೋಗ್ಯದ ಖರ್ಚಿನಲ್ಲಿ ನೂರಕ್ಕೆ 39 ರೂಪಾಯಿ ಜನ ತಮ್ಮ ಜೇಬಿನಿಂದ ನೇರವಾಗಿ ಕೊಟ್ಟದ್ದು. 2013-14ರಲ್ಲಿ ಅದು 64 ಇತ್ತು, ಇಳಿದಿದೆ, ಒಪ್ಪೋಣ. ಆದರೆ ಆ 39 ರೂಪಾಯಿಗೆ ಎಷ್ಟು ಮನೆಗಳ ತಾಳಿ ಅಡವಿಗೆ ಹೋಗಿವೆ ಎಂಬುದು ಪೇಟೆಯಲ್ಲಿ ಕೂತ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಕೆಲಸಗಾರ ಮಲಗಿದ ತಿಂಗಳು ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೂ ಮಲಗುತ್ತದೆ. ಅವನು ಚೇತರಿಸಿಕೊಂಡರೆ ನಿಮ್ಮ ಬಾಕಿ ಬಂದೀತು. ಅವನು ಹೋದರೆ ಬಾಕಿಯನ್ನು ಯಾರನ್ನು ಕೇಳುತ್ತೀರಿ? ಆದ್ದರಿಂದ ಕೂಲಿಕಾರನ ಆರೋಗ್ಯ ವರ್ತಕನ ಧರ್ಮದ ಮಾತಲ್ಲ, ವ್ಯಾಪಾರದ ಮಾತು.

ಬಡ ದೇಶದಲ್ಲಿ ಇದೆಲ್ಲ ಆಗದ ಮಾತೆಂದು ಕೆಲವರು ಕೈಚೆಲ್ಲುತ್ತಾರೆ. ನೆರೆಯ ಕೇರಳವನ್ನು ನೋಡಿ. 2020ರ ಸರಕಾರಿ ಲೆಕ್ಕದಲ್ಲಿ, ಹುಟ್ಟಿದ ಸಾವಿರ ಕೂಸುಗಳಲ್ಲಿ ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡವು ಕೇರಳದಲ್ಲಿ 6, ನಮ್ಮ ಕರ್ನಾಟಕದಲ್ಲಿ 19, ಇಡೀ ಭಾರತದಲ್ಲಿ 28, ಮಧ್ಯಪ್ರದೇಶದಲ್ಲಿ 43. ಕೇರಳ ಮೊದಲಿನಿಂದ ಶ್ರೀಮಂತವಾಗಿತ್ತೆ? ಇಲ್ಲ. ಅದರ ತಲಾ ವರಮಾನ ದೇಶದ ಸರಾಸರಿಗಿಂತ ಕಡಿಮೆಯಿದ್ದ ದಶಕಗಳಲ್ಲೇ ಅಲ್ಲಿ ಕೂಸುಗಳು ಬದುಕತೊಡಗಿದವು. ಹೆಣ್ಣುಮಕ್ಕಳ ಓದು, ಹಳ್ಳಿ ಹಳ್ಳಿಗೆ ಚಿಕಿತ್ಸಾಲಯ, ಎಲ್ಲರಿಗೂ ರೇಷನ್, ಗೇಣಿದಾರನಿಗೆ ಭೂಮಿ. ಇದೆಲ್ಲಕ್ಕೂ ಮೇಲಾಗಿ, ಚಿಕಿತ್ಸಾಲಯದ ಬಾಗಿಲು ಮುಚ್ಚಿದ್ದರೆ ಮರುದಿನವೇ ಗದ್ದಲ ಮಾಡುವ ಜನ. ಕೇಳುವವರಿದ್ದರೆ ಕೊಡುವವರು ಇರುತ್ತಾರೆ.

ನಮ್ಮಲ್ಲಿಯೂ ಏನೂ ಆಗಿಲ್ಲವೆಂದಲ್ಲ. 2001ರಲ್ಲಿ ಸುಪ್ರೀಂ ಕೋರ್ಟು ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿತು. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಯಿತು. 2013ರಲ್ಲಿ ಹಾಲು ಬಂತು. 2021ರ ಕೊನೆಗೆ, ಮಕ್ಕಳಲ್ಲಿ ರಕ್ತಹೀನತೆ ಹೆಚ್ಚಿದ್ದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆ ಬಂತು; ಒಲ್ಲದವರಿಗೆ ಬಾಳೆಹಣ್ಣು. ಮೊಟ್ಟೆ ಕೂಡದೆಂದು ದೊಡ್ಡವರಿಂದ ಗದ್ದಲ ಎದ್ದಿತು. ತಿನ್ನುವ ಮಕ್ಕಳಿಂದ ಏಳಲಿಲ್ಲ. ನಾವು ಪಾಠ ಹೇಳಿದವರಾದ್ದರಿಂದ ಹೇಳುತ್ತೇವೆ: ಊಟ ಉಂಡ ಮಕ್ಕಳ ಕಣ್ಣು ಕರಿಹಲಗೆಯ ಮೇಲಿರುತ್ತದೆ, ಉಣ್ಣದ ಮಕ್ಕಳ ಕಣ್ಣು ಗಂಟೆ ಬಾರಿಸುವವನ ಮೇಲಿರುತ್ತದೆ.

ಇನ್ನು ಗಿರಣಿಯ ಒಳಗಿನ ಮಾತು. ಇದರಲ್ಲಿ ನಮಗೂ ನಿಮಗೂ ಸ್ವಲ್ಪ ತಕರಾರಿದೆ. ಅದನ್ನು ಬಚ್ಚಿಡದೆ ಆಡುತ್ತೇವೆ. ಅರಳೆ ಬಿಡಿಸುವ ಕಡೆ, ಕಾರ್ಡಿಂಗ್ ಖಾತೆಯಲ್ಲಿ ದುಡಿಯುವವರಿಗೆ ವಾರದ ರಜೆ ಮುಗಿಸಿ ಬಂದ ಮೊದಲನೆಯ ದಿನ ಎದೆ ಹಿಡಿದಂತಾಗುತ್ತದೆ. ಮರುದಿನ ಸಡಿಲವಾಗುತ್ತದೆ. ವರ್ಷ ಕಳೆದಂತೆ ಎರಡನೆಯ ದಿನವೂ ಹಿಡಿಯುತ್ತದೆ, ಮೂರನೆಯ ದಿನವೂ ಹಿಡಿಯುತ್ತದೆ. ಕೊನೆಗೆ ಮೆಟ್ಟಿಲು ಹತ್ತಲಾರದ ಸ್ಥಿತಿ. ಬೀಡಿಯಿಂದ ಬಂತು ಎನ್ನುತ್ತಾರೆ. ಬೀಡಿ ಕೆಟ್ಟದ್ದೇ, ಆದರೆ ಬೀಡಿಗೆ ವಾರದ ರಜೆ ಗೊತ್ತಿಲ್ಲ. ಇದು ಹತ್ತಿಯ ಧೂಳಿನ ರೋಗ. ಬಿಸಿನೋಸಿಸ್ ಎಂದು ಇದಕ್ಕೆ ಹೆಸರು. ಕಸುಬಿನಿಂದ ಬರುವ ರೋಗಗಳ ಪಟ್ಟಿಯಲ್ಲಿ ಇದು ಸೇರಿದೆ, ಪರಿಹಾರಕ್ಕೆ ಹಕ್ಕುಂಟು.

ಮೊನ್ನೆ ಗೇಟಿನ ಸಭೆಯಲ್ಲಿ ಬೇಡಿಕೆಗಳ ಪಟ್ಟಿ ಮಾಡುವಾಗ ಒಬ್ಬ ತರುಣ ಎದ್ದು ನಿಂತು, “ಮೇಷ್ಟ್ರೆ, ಕಾರ್ಡಿಂಗ್ ಖಾತೆಗೆ ಧೂಳಿನ ಭತ್ಯೆ ಕೇಳಿ” ಎಂದ. ಗುರುತು ಹಿಡಿದೆವು. ನಮ್ಮಿಂದ ಬೆತ್ತದ ಏಟು ತಿಂದಿದ್ದ ಹುಡುಗನೇ ಅವನು. ಅವನ ಮಾತಿಗೆ ಚಪ್ಪಾಳೆ ಬಿತ್ತು. ಅವನ ಮಾತಿನಲ್ಲಿ ಸುಳ್ಳಿಲ್ಲ. ಮನೆ ಬಾಡಿಗೆ ಈ ತಿಂಗಳೇ ಕೊಡಬೇಕು. ಎದೆ ಕೆಡುವುದು ಇನ್ನೂ ಹತ್ತು ವರ್ಷಕ್ಕೆ. ಹಸಿದವನಿಗೆ ಇವತ್ತಿನ ಲೆಕ್ಕವೇ ಲೆಕ್ಕ. ಆದರೆ ತಮ್ಮಾ, ಧೂಳಿಗೆ ಭತ್ಯೆ ತೆಗೆದುಕೊಳ್ಳುವುದೆಂದರೆ ಶ್ವಾಸಕೋಶವನ್ನು ಕಂತಿನಲ್ಲಿ ಮಾರುವುದು. ಮಾಲಿಕ ಸಂತೋಷದಿಂದ ಕೊಟ್ಟಾನು. ಏಕೆಂದರೆ ಧೂಳು ಹೀರುವ ಯಂತ್ರಕ್ಕಿಂತ ನಿನ್ನ ಎದೆ ಅಗ್ಗ. ಭತ್ಯೆ ಕೈಗೆ ಬಂದ ದಿನ ಧೂಳು ನ್ಯಾಯವಾಗಿಬಿಡುತ್ತದೆ. ಆಮೇಲೆ ಅದನ್ನು ತೆಗೆಯಿರಿ ಎಂದರೆ, “ಅದಕ್ಕೇ ಹಣ ಕೊಟ್ಟಿದ್ದೇವಲ್ಲ” ಎನ್ನುತ್ತಾನೆ.

ಅಮೆರಿಕದ ಗಿರಣಿಗಳಲ್ಲಿ ಈ ರೋಗವೇ ಇಲ್ಲವೆಂದು ಮಾಲಿಕರು ಬಹಳ ಕಾಲ ವಾದಿಸುತ್ತಿದ್ದರು. 1975ರಿಂದ ಕೆರೊಲಿನಾ ರಾಜ್ಯಗಳಲ್ಲಿ, ಉಸಿರು ಹಿಡಿದು ಮನೆ ಸೇರಿದ್ದ ಮುದುಕ ಕೆಲಸಗಾರರು ಸಂಘ ಕಟ್ಟಿ ಸಾಕ್ಷಿ ಹೇಳಿದರು. 1978ರಲ್ಲಿ ಸರಕಾರ ಗಾಳಿಯಲ್ಲಿ ಎಷ್ಟು ಧೂಳಿರಬಹುದೆಂದು ಮಿತಿ ಹಾಕಿತು. ಮಾಲಿಕರು ದೊಡ್ಡ ಕೋರ್ಟಿಗೆ ಹೋದರು: ಖರ್ಚು ಹೆಚ್ಚು, ಲಾಭ ಕಡಿಮೆ ಎಂದರು. 1981ರಲ್ಲಿ ಕೋರ್ಟು, ಇಲ್ಲಿ ಖರ್ಚು ಲಾಭಗಳ ತಕ್ಕಡಿ ನಡೆಯದು, ಸಾಧ್ಯವಿದ್ದಷ್ಟು ಕೆಲಸಗಾರನ ಆರೋಗ್ಯ ಕಾಪಾಡಲೇಬೇಕು ಎಂದು ತೀರ್ಪು ಕೊಟ್ಟಿತು. ಹೊಸ ಯಂತ್ರಗಳು ಬಂದವು, ಧೂಳು ಇಳಿಯಿತು, ಉತ್ಪಾದನೆಯೂ ಹೆಚ್ಚಿತು. ಆದ್ದರಿಂದ ನಮ್ಮ ಸಲಹೆ: ಕೂಲಿಯ ಏರಿಕೆಯನ್ನು ಕೂಲಿಯೆಂದೇ ಕೇಳೋಣ, ಗಟ್ಟಿಯಾಗಿ ಕೇಳೋಣ. ಧೂಳನ್ನು ಮಾರಾಟಕ್ಕಿಡದೆ, ತೆಗೆಯಿರಿ ಎಂದು ಕೇಳೋಣ. ವರ್ಷಕ್ಕೊಮ್ಮೆ ಊದಿ ನೋಡುವ ಉಸಿರಿನ ಪರೀಕ್ಷೆ ಆಗಲಿ, ಅದರ ಚೀಟಿ ಕೆಲಸಗಾರನ ಕೈಗೇ ಬರಲಿ. ಬದಲಿ ಕೆಲಸಗಾರರನ್ನೂ ಗುತ್ತಿಗೆಯವರನ್ನೂ ಇದರಿಂದ ಬಿಡಕೂಡದು. ಧೂಳು ಹಾಜರಿ ಪುಸ್ತಕ ನೋಡಿ ಎದೆಗಿಳಿಯುವುದಿಲ್ಲ. ಇಷ್ಟು ಹೇಳಿ, ತೀರ್ಮಾನವನ್ನು ನಿಮ್ಮ ಕೈ ಎತ್ತುವಿಕೆಗೆ ಬಿಡುತ್ತೇವೆ. ಎದೆ ನಿಮ್ಮದು.

ಈ ಸಭೆಯಲ್ಲಿ ಕಾಣದವರ ಒಂದು ಮಾತನ್ನೂ ಹೇಳಬೇಕು. ಚರಂಡಿ ಶುಚಿಯಾಗಬೇಕು ಎಂದು ನಾವೆಲ್ಲ ಕೂಗುತ್ತೇವೆ. ಅದರೊಳಗೆ ಇಳಿಯುವವನು ಯಾರು? 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ದೇಶದ ಕಾಯಿದೆ 1993ರಲ್ಲಿ ಬಂತು, ಇನ್ನೂ ಬಿಗಿಯಾದದ್ದು 2013ರಲ್ಲಿ ಬಂತು. ಆದರೂ ಗುಂಡಿಗಿಳಿದ ಮನುಷ್ಯ ಉಸಿರು ಕಟ್ಟಿ ಸತ್ತ ಸುದ್ದಿ ನಿಂತಿಲ್ಲ. ಸತ್ತವನ ಜಾತಿಯನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ಒಂದು ಕೇರಿಯ ಆರೋಗ್ಯಕ್ಕೆ ಇನ್ನೊಂದು ಕೇರಿಯ ಹೆಣ ಬೀಳುವುದಾದರೆ ಅದು ಸಮಾಜವಾದವಲ್ಲ. ಯಂತ್ರದಿಂದ ಚರಂಡಿ ಶುಚಿ, ಖಾಯಂ ನೌಕರಿ, ಬಿಸಿನೀರಿನ ಸ್ನಾನದ ಮನೆ: ಪೌರಕಾರ್ಮಿಕರ ಈ ಬೇಡಿಕೆಗಳು ನಮ್ಮ ಪಟ್ಟಿಯಲ್ಲಿ ಮೊದಲು ಬರಬೇಕು.

ಕೊನೆಗೆ ಕೆಲಸದ ಮಾತು. ಭಾಷಣದಿಂದ ನಲ್ಲಿಯಲ್ಲಿ ನೀರು ಬಾರದು.

ಮೊದಲನೆಯದು, ಲೆಕ್ಕ. 1969ರ ಕಾಯಿದೆಯಂತೆ ಪ್ರತಿ ಜನನವೂ ಮರಣವೂ ದಾಖಲಾಗಬೇಕು. ಯಾರ ಹೆಸರೂ ನಮಗೆ ಬೇಡ; ಯಾವ ವಾರ್ಡಿನಲ್ಲಿ ಎಷ್ಟು ಸಾವು, ಅವುಗಳಲ್ಲಿ ಐದು ವರ್ಷದೊಳಗಿನ ಮಕ್ಕಳೆಷ್ಟು, ಇಷ್ಟನ್ನು ನಗರಸಭೆ ವರ್ಷಕ್ಕೊಮ್ಮೆ ಹಲಗೆಯ ಮೇಲೆ ಬರೆದು ಹಾಕಲಿ. ಚಾಡ್ವಿಕ್ 1842ರಲ್ಲಿ ಮಾಡಿದ ಲೆಕ್ಕ ನಮ್ಮ ಊರಿಗೆ ಈಗಲೂ ಆಗಿಲ್ಲವೆಂದರೆ ನಾಚಿಕೆಯ ಮಾತು.

ಎರಡನೆಯದು, ನೀರು. ಯಾವ ಕೊಳವೆ ಚರಂಡಿಯೊಳಗೆ ಹಾದಿದೆ, ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು ಬರುತ್ತದೆ ಎಂಬುದನ್ನು ನಾವೇ ಓಣಿ ಓಣಿ ತಿರುಗಿ ಬರೆಯೋಣ. ಹಣ ಬಂದಾಗ ಕೆಲಸ ಹಳ್ಳದ ಓಣಿಯಿಂದ ಶುರುವಾಗಲಿ, ಮೇಲಿನ ಕೇರಿಗೆ ಆಮೇಲೆ ಬರಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಬಜೆಟ್ಟುಗಳನ್ನು ಬಹಳ ನೋಡಿದ್ದೇವೆ.

ಮೂರನೆಯದು, ಊಟ. ಪ್ರತಿ ಶಾಲೆಯ ಬಿಸಿಯೂಟಕ್ಕೂ ಪ್ರತಿ ರೇಷನ್ ಅಂಗಡಿಗೂ ಇಬ್ಬರು ಕೆಲಸಗಾರರು, ಒಬ್ಬರು ವರ್ತಕರು ಸೇರಿ ತಿಂಗಳಿಗೊಮ್ಮೆ ಹೋಗಿ ನೋಡಲಿ. ತೂಕ ನೋಡುವುದರಲ್ಲಿ ವರ್ತಕರಿಗಿಂತ ಬಲ್ಲವರು ಯಾರಿದ್ದಾರೆ?

ನಾಲ್ಕನೆಯದು, ಗಿರಣಿಯ ಧೂಳು. ಅದರ ಮಾತು ಆಗಲೇ ಆಡಿದ್ದೇವೆ.

ಈ 4 ಕೆಲಸಗಳಿಗೂ ಡಾಕ್ಟರ ಪದವಿ ಬೇಕಿಲ್ಲ. ನಗರಸಭೆಯ ಮುಂದೆ ಗಿರಣಿಯವರೇ ಹೋದರೆ ಚಳವಳಿ ಎನ್ನುತ್ತಾರೆ. ವರ್ತಕರೇ ಹೋದರೆ ಮನವಿ ಎಂದು ತೆಗೆದಿಡುತ್ತಾರೆ. ಇಬ್ಬರೂ ಕೂಡಿ ಹೋದರೆ ಉತ್ತರ ಕೊಡಬೇಕಾಗುತ್ತದೆ.

ಆ ಹುಡುಗನ ತಂಗಿಯ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿ ಬರಲೇ ಇಲ್ಲ. ಶಾಲೆಗೆ ಸೇರುವ ವಯಸ್ಸಿಗೆ ಮೊದಲೇ ಹೋದಳು. ಅವಳಿಗೆ ಬೇಕಾಗಿದ್ದುದು ದೊಡ್ಡ ಆಸ್ಪತ್ರೆಯೂ ಅಲ್ಲ, ವಿದೇಶದ ಔಷಧವೂ ಅಲ್ಲ. ಚರಂಡಿಯಿಂದ ಆಚೆ ಹಾದುಬರುವ ಒಂದು ಕೊಳವೆ. ಅಷ್ಟನ್ನು ಕೊಡದೆ ಅವಳದು ಹಣೆಬರಹ ಎಂದೆವು. ಇನ್ನು ಮೇಲೆ ಯಾವ ಕೂಸಿನ ಮೇಲೂ ಆ ಮಾತನ್ನು ಹೊರಿಸುವುದಿಲ್ಲವೆಂದು ಈ ಸಭೆಯಲ್ಲಿ ನಿಶ್ಚಯಮಾಡಿ ಏಳೋಣ. ಹಳ್ಳದ ಓಣಿಯಿಂದ ಎಣಿಕೆ ಬರುವ ಭಾನುವಾರ ಬೆಳಿಗ್ಗೆ ಶುರು. ಬರೆಯಬಲ್ಲವರು ಪೆನ್ಸಿಲು ತನ್ನಿ. ಬರೆಯಲಾರದವರು ನಡೆದು ಮನೆ ತೋರಿಸಿ.